ಹತ್ತು ಮಂದಿ ಗುಣವಾದರು, ಒಬ್ಬ ತಿರುಗಿ ಬಂದ

(ಬೀದರಿನಲ್ಲಿ ಲೆಂಟ್ ದಿನಗಳಲ್ಲಿ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಲ್ಲಿ, ನಡೆದ ಮಹಿಳಾ ಕೂಟದಲ್ಲಿ ಮಾಡಿದ ಉಪನ್ಯಾಸ. ಧ್ವನಿಮುದ್ರಣ ಕೇಳಿ, ಸ್ವಲ್ಪ ತಿದ್ದಿ ಬರೆದದ್ದು.)

ಈ ಸಂಜೆಗೆ ನನಗೆ ಕೊಟ್ಟಿರುವ ವಿಷಯ 'ವಿಶ್ವಾಸದಿಂದ ಪೂರ್ಣತೆ'. ನಾನು ದೇವಶಾಸ್ತ್ರ ಓದಿದವಳಲ್ಲ. ದುಡಿಯುವ ವಯಸ್ಸೆಲ್ಲ ವಾರ್ಡಿನಲ್ಲೇ ಕಳೆದ ನರ್ಸ್. ಅದಕ್ಕೇ ಕಾಯಿಲೆ ವಾಸಿಯಾದ ಒಂದು ಕಥೆಯನ್ನೇ ಹಿಡಿದುಕೊಂಡು ಮಾತಾಡುತ್ತೇನೆ. ಲೂಕನ ಸುವಾರ್ತೆ 17ನೇ ಅಧ್ಯಾಯ, 11ನೇ ವಚನದಿಂದ ತೆಗೆಯಿರಿ. ಸತ್ಯವೇದ ತರದೆ ಇದ್ದವರು ಪಕ್ಕದ ಅಕ್ಕನ ಪುಸ್ತಕದಲ್ಲಿ ನೋಡಿ.

ಯೇಸುಸ್ವಾಮಿ ಯೆರೂಸಲೇಮಿನ ಕಡೆ ಹೊರಟಿದ್ದಾನೆ. ಗಲಿಲಾಯ, ಸಮಾರ್ಯ ಎರಡರ ಗಡಿಯಲ್ಲಿ ಒಂದು ಊರು. ಊರ ಹೊರಗೆ ಹತ್ತು ಮಂದಿ ಕುಷ್ಠರೋಗಿಗಳು ದೂರದಲ್ಲೇ ನಿಂತು ಕೂಗುತ್ತಾರೆ, ನಮ್ಮನ್ನು ಕರುಣಿಸು ಅಂತ. ಸ್ವಾಮಿ ಅವರ ಮೈಮೇಲೆ ಕೈ ಇಡಲಿಲ್ಲ. ಹೋಗಿ ಯಾಜಕರಿಗೆ ನಿಮ್ಮನ್ನು ತೋರಿಸಿಕೊಳ್ಳಿ ಅಂದನು, ಅಷ್ಟೇ. ಹೊರಟರು. ದಾರಿಯಲ್ಲಿ ಹೋಗುತ್ತಾ ಹೋಗುತ್ತಾ ಮೈ ಶುದ್ಧವಾಯಿತು. ಒಬ್ಬ ಮಾತ್ರ ತಿರುಗಿ ಬಂದ. ಅವನು ಸಮಾರ್ಯದವನು. ಬಂದು ಕಾಲಿಗೆ ಬಿದ್ದ. ಉಳಿದ ಒಂಬತ್ತು ಮಂದಿ ಎಲ್ಲಿ ಅಂತ ಸ್ವಾಮಿ ಕೇಳಿದನು. ಆಮೇಲೆ ಇವನಿಗೆ, ಎದ್ದು ಹೋಗು, ನಿನ್ನ ನಂಬಿಕೆ ನಿನ್ನನ್ನು ಉಳಿಸಿದೆ ಅಂದನು.

ಇಲ್ಲೊಂದು ಪ್ರಶ್ನೆ ಏಳಬೇಕು ಅಲ್ವಾ? ಇವನು ದಾರಿಯಲ್ಲೇ ಗುಣವಾಗಿದ್ದ. ಉಳಿದ ಒಂಬತ್ತು ಮಂದಿಯ ಮೈಯೂ ಗುಣವಾಗಿತ್ತು. ಹಾಗಾದರೆ ಸ್ವಾಮಿ ಇವನೊಬ್ಬನಿಗೇ ಹೇಳಿದ ಆ ಮಾತಿನಲ್ಲಿ ಜಾಸ್ತಿ ಸಿಕ್ಕಿದ್ದೇನು? ನಾನು ಇವತ್ತು ಹೇಳಬೇಕಾದದ್ದೆಲ್ಲ ಈ ಪ್ರಶ್ನೆಯಲ್ಲೇ ಇದೆ.

ಮೊದಲು ಆ ಕಾಲದ ಕಾಯಿಲೆ ಎಂಥದು ಅಂತ ತಿಳಿದುಕೊಳ್ಳೋಣ. ಯಾಜಕಕಾಂಡ 13ನೇ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಹಾರಿಸಿಬಿಡುತ್ತೇವೆ. ಮನೆಗೆ ಹೋಗಿ ನಿಧಾನವಾಗಿ ಓದಿ. ಕುಷ್ಠ ಅಂತ ಅಲ್ಲಿ ಹೇಳಿರುವುದು ಒಂದೇ ರೋಗವನ್ನಲ್ಲ. ಚರ್ಮದ ಹಲವು ಬೇನೆಗಳು ಅದರಲ್ಲಿ ಬರುತ್ತವೆ, ಬಟ್ಟೆಗೆ ಹಿಡಿಯುವ ಬೂಸ್ಟು ಕೂಡ ಬರುತ್ತದೆ. ಯಾಜಕ ನೋಡಿ ಅಶುದ್ಧ ಅಂತ ಹೇಳಿದರೆ ಮುಗಿಯಿತು. ಹರಿದ ಬಟ್ಟೆ ಹಾಕಿಕೊಳ್ಳಬೇಕು, ಬಾಯಿ ಮುಚ್ಚಿಕೊಳ್ಳಬೇಕು, 'ಅಶುದ್ಧ, ಅಶುದ್ಧ' ಅಂತ ತಾನೇ ಕೂಗಬೇಕು, ಪಾಳೆಯದ ಹೊರಗೆ ಒಂಟಿಯಾಗಿ ಇರಬೇಕು. ಗುಣವಾದರೂ ಸುಮ್ನೆ ಮನೆಗೆ ಬರುವಂತಿಲ್ಲ. 14ನೇ ಅಧ್ಯಾಯದಲ್ಲಿ ಅದರ ಕ್ರಮ ಇದೆ. ಯಾಜಕನೇ ಹೊರಗೆ ಹೋಗಿ ನೋಡಬೇಕು, ಬಲಿ ಕೊಡಿಸಬೇಕು, ಗುಣವಾದವನು ಎಂಟನೆಯ ದಿನ ಅರ್ಪಣೆ ತರಬೇಕು. ಆಮೇಲೆ ಊರು ಅವನದು, ಮನೆ ಅವನದು.

ಆ ಒಂಬತ್ತು ಮಂದಿಯನ್ನು ನಾವು ಪ್ರಸಂಗದಲ್ಲಿ ಯಾವಾಗಲೂ ಬೈಯುತ್ತೇವೆ, ಕೃತಜ್ಞತೆ ಇಲ್ಲದವರು ಅಂತ. ನನಗೆ ಹಾಗೆ ಬೈಯಲು ಬಾಯಿ ಬರುವುದಿಲ್ಲ. ಅವರು ಸ್ವಾಮಿ ಹೇಳಿದ್ದನ್ನೇ ಮಾಡಿದರು. ಯಾಜಕರ ಹತ್ತಿರ ಹೋಗಿ ಅಂದನು, ಹೋದರು. ಹೆಂಡತಿ ಮಕ್ಕಳನ್ನು ನೋಡಿ ಎಷ್ಟು ವರ್ಷವಾಗಿತ್ತೋ. ಯಾಜಕ ಒಂದು ಮಾತು ಹೇಳಿದರೆ ಮನೆ ಬಾಗಿಲು ತೆರೆಯುತ್ತದೆ. ಓಡದೆ ಏನು ಮಾಡುತ್ತಾರೆ?

ಆದರೆ ಆ ಸಮಾರ್ಯದವನು ಎಲ್ಲಿಗೆ ಓಡಬೇಕು? ಯೆಹೂದ್ಯರೂ ಸಮಾರ್ಯದವರೂ ಒಬ್ಬರ ಪಾತ್ರೆ ಒಬ್ಬರು ಮುಟ್ಟದವರು. ರೋಗ ಇದ್ದಾಗ ಹತ್ತು ಮಂದಿಯೂ ಒಂದೇ ಕಡೆ ಕೂತು ಉಣ್ಣುತ್ತಿದ್ದರೋ ಏನೋ. ರೋಗ ಹೋದ ಕೂಡಲೇ ಅವರು ಒಂಬತ್ತು ಮಂದಿ ಆದರು, ಇವನೊಬ್ಬ ಬೇರೆ ಆದ. ಯೆರೂಸಲೇಮಿನ ದೇವಾಲಯ ಇವನನ್ನು ಒಳಗೆ ಬಿಡುವುದಿಲ್ಲ. ಮೈ ಶುದ್ಧವಾಯಿತು, ಹುಟ್ಟಿನಿಂದ ಅಂಟಿಸಿದ್ದ ಅಶುದ್ಧ ಹಾಗೇ ಉಳಿಯಿತು.

ತಾಯಂದಿರೇ, ಇದು ಬೇರೆಯವರ ಕಥೆಯಲ್ಲ. ನಮ್ಮ ಮುತ್ಯಾಂದಿರು ಯಾವ ಕೇರಿಯಿಂದ ಬಂದವರು ಅಂತ ಇಲ್ಲಿ ಕೂತ ಎಲ್ಲರಿಗೂ ಗೊತ್ತು. ಊರ ಬಾವಿಯಿಂದ ತಮ್ಮ ಕೈಯಾರೆ ನೀರು ಸೇದುವಂತಿರಲಿಲ್ಲ. ಯಾರಾದರೂ ಮನಸ್ಸು ಮಾಡಿ ಮೇಲಿಂದ ಹುಯ್ಯುವ ತನಕ ಕೊಡ ಇಟ್ಟುಕೊಂಡು ಕಾಯಬೇಕಿತ್ತು. ಇದೇ ಜಿಲ್ಲೆಯ ಕಲ್ಯಾಣದಲ್ಲಿ 12ನೇ ಶತಮಾನದಲ್ಲೇ ಶರಣರು ಈ ಅನ್ಯಾಯವನ್ನು ಎದುರು ಹಾಕಿಕೊಂಡು ಬೆಲೆ ತೆತ್ತಿದ್ದರು. ಆದರೂ ನಮ್ಮವರ ಕೊಡ ಬಾವಿಕಟ್ಟೆಯ ಕೆಳಗೇ ಇತ್ತು. ಅಂಥವರ ಕೇರಿಗೆ ಸುವಾರ್ತೆ ಬಂತು. ಯಾರನ್ನು ಎಲ್ಲಿಯೂ ಒಳಗೆ ಬಿಡುತ್ತಿರಲಿಲ್ಲವೋ ಅವರು ನೇರವಾಗಿ ಯೇಸುವಿನ ಕಾಲ ಹತ್ತಿರ ಹೋಗಿ ಬಿದ್ದರು. ಆ ಸಮಾರ್ಯದವನು ಮಾಡಿದ್ದೂ ಅದೇ. ಹೋಗಲು ಬೇರೆ ದೇವಾಲಯ ಇಲ್ಲದವನು ದೇವರನ್ನೇ ಹುಡುಕಿಕೊಂಡು ತಿರುಗಿ ಬಂದ. 'ಎದ್ದು ಹೋಗು' ಅನ್ನುವ ಮಾತು ಅವನಿಗೆ ಹೇಗೆ ಕೇಳಿಸಿರಬೇಕು ಅಂತ ಯೋಚನೆ ಮಾಡಿ. ಅವನನ್ನು ಎದ್ದು ನಿಲ್ಲು ಅಂದವರು ಅದಕ್ಕೆ ಮುಂಚೆ ಯಾರಿದ್ದರು?

ಇನ್ನು ನನ್ನ ಕೆಲಸದ ಕಡೆಯಿಂದ ಒಂದು ಮಾತು. ಈಗ ನಾವು ಕುಷ್ಠ ಅನ್ನುವ ಕಾಯಿಲೆಗೆ ಒಳ್ಳೆಯ ಔಷಧಿ ಇದೆ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎರಡು ಮೂರು ಮಾತ್ರೆಗಳನ್ನು ಒಟ್ಟಿಗೆ ಕೊಡುವ ಪದ್ಧತಿ ಹೇಳಿತು. ಈಗ ಮಚ್ಚೆ ಕಡಿಮೆ ಇದ್ದರೆ ಆರು ತಿಂಗಳು, ಜಾಸ್ತಿ ಇದ್ದರೆ ಹನ್ನೆರಡು ತಿಂಗಳು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಮೈಮೇಲೆ ಬಣ್ಣ ಮಾಸಿದ ಮಚ್ಚೆ ಇದ್ದು, ಅಲ್ಲಿ ಮುಟ್ಟಿದರೆ ಗೊತ್ತಾಗದಿದ್ದರೆ, ನಾಚಿಕೊಳ್ಳದೆ ಹೋಗಿ ತೋರಿಸಿ. ವಿಷಯ ಬಂತು, ಅದಕ್ಕೇ ಹೇಳಿದೆ.

ಆ ಕಾಯಿಲೆಯಲ್ಲಿ ಬೆರಳು ಉದುರುತ್ತವೆ ಅಂತ ಜನ ಹೇಳುತ್ತಾರೆ. ರೋಗಾಣು ಬೆರಳನ್ನು ತಿನ್ನುವುದಿಲ್ಲ. ಅದು ನರಕ್ಕೆ ಹೋಗುತ್ತದೆ. ನರ ಸತ್ತರೆ ನೋವು ಗೊತ್ತಾಗುವುದಿಲ್ಲ. ನೋವು ಗೊತ್ತಾಗದಿದ್ದರೆ ಗಾಯವೂ ಗೊತ್ತಾಗುವುದಿಲ್ಲ, ಅದೇ ಗಾಯದ ಮೇಲೆ ಇನ್ನೊಂದು ಗಾಯ. ವೆಲ್ಲೂರಿನ ಮಿಷನ್ ಆಸ್ಪತ್ರೆಯಲ್ಲಿ ಡಾಕ್ಟರ್ ಪಾಲ್ ಬ್ರಾಂಡ್ ಇದನ್ನು ಜಗತ್ತಿಗೆ ತೋರಿಸಿಕೊಟ್ಟರು. ಮಡಚಿಹೋದ ಬೆರಳುಗಳಿಗೆ ಆಪರೇಷನ್ ಮಾಡಿ ಮತ್ತೆ ಹಿಡಿಯಲು ಬರುವಂತೆ ಮಾಡಿದರು.

ನಾನು ಒಬ್ಬ ಅವ್ವನನ್ನು ನೋಡಿದ್ದೆ. ಔಷಧಿ ಮುಗಿದು ಎಷ್ಟೋ ಕಾಲವಾಗಿತ್ತು, ರೋಗ ಪೂರ್ತಿ ಹೋಗಿತ್ತು. ಬಲಗೈ ಬೆರಳ ತುದಿಗಳಲ್ಲಿ ಬೊಬ್ಬೆ ಎದ್ದು ಒಡೆದು ಬಿಳಿಚಿಕೊಂಡಿದ್ದವು. ಏನಾಯಿತವ್ವಾ ಅಂದೆ. ಏನೂ ಆಗಿಲ್ಲ ಅಂದಳು. ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ ಹಾಕುತ್ತಿದ್ದಳು. ನಾವೆಲ್ಲ ಹಾಗೇ ತಿರುವಿ ಹಾಕುವವರೇ, ಆದರೆ ಬಿಸಿ ತಾಗಿದರೆ ಕೈ ತಾನಾಗಿ ಹಿಂದೆ ಬರುತ್ತದೆ. ಅವಳ ಕೈ ಬರುತ್ತಿರಲಿಲ್ಲ. ಕಣ್ಣಿಂದ ನೋಡಿ ತೆಗೆಯುವುದನ್ನು ಅವಳಿಗೆ ಕಲಿಸಬೇಕಾಯಿತು. ಪಟ್ಟಿ ಕಟ್ಟಿಸಿಕೊಳ್ಳುವಾಗ ಕಿಟಕಿಯ ಕಡೆ ನೋಡಿಕೊಂಡು, ಮೊಮ್ಮಕ್ಕಳ ಸುದ್ದಿ ಹೇಳುತ್ತಾ ಕೂತಿರುತ್ತಿದ್ದಳು. ಅವಳಿಗಾಗಿ ನೋಯುತ್ತಿದ್ದದ್ದು ನಮಗೆ.

ಮರಗಟ್ಟುವುದು ಬರೀ ಕೈಗಾ? ನಮ್ಮ ಮನೆಗಳಲ್ಲಿ ನೋಡಿ. ಅಡುಗೆಮನೆಯಲ್ಲಿ ಸೊಸೆ ಅಳುತ್ತಿದ್ದಾಳೆ, ಪಡಸಾಲೆಯಲ್ಲಿ ಪ್ರಾರ್ಥನೆ ನಡೆದಿದೆ, ಯಾರ ಕೈಯೂ ಹಿಂದೆ ಬರುವುದಿಲ್ಲ. ಮಗ ಹೈದರಾಬಾದಿಗೆ ಕೂಲಿಗೆ ಹೋಗಿ ಎರಡು ಹಬ್ಬ ಆಯಿತು, ಫೋನೂ ಇಲ್ಲ. ಕೇಳಿದರೆ 'ಆರಾಮಿದ್ದಾನೆ' ಅನ್ನುತ್ತೇವೆ. ಗಂಡ ಸತ್ತ ದುಃಖವನ್ನು ಮುಚ್ಚಿಟ್ಟು, 'ಸ್ತೋತ್ರ, ಸ್ತೋತ್ರ' ಅನ್ನುತ್ತಾ ತಿರುಗುವ ಅಕ್ಕಂದಿರಿದ್ದಾರೆ. ನೋಯುವುದಿಲ್ಲ ಅಂದರೆ ಚೆನ್ನಾಗಿದ್ದೇವೆ ಅಂತ ತಿಳಿದಿದ್ದೇವೆ. ಕೀರ್ತನೆ 86ರಲ್ಲಿ ದಾವೀದನು ಏಕಮನಸ್ಸು ಕೊಡು ಅಂತ ಬೇಡುತ್ತಾನೆ. ಐತವಾರದ ಮನಸ್ಸು ಒಂದು, ಸೋಮವಾರ ಸಂತೆಗೆ ಹೋಗುವ ಮನಸ್ಸು ಇನ್ನೊಂದು, ರಾತ್ರಿ ಗೋಡೆ ಕಡೆ ತಿರುಗಿ ಮಲಗಿದಾಗಿನ ಮನಸ್ಸು ಮತ್ತೊಂದು ಇರುವವರು ನಾವು. ಈ ಮೂರೂ ಒಂದೇ ದೇವರ ಮುಂದೆ ಬಂದು ಕೂರುವುದನ್ನೇ ನಾನು ಪೂರ್ಣತೆ ಅಂತ ತಿಳಿದಿದ್ದೇನೆ. ಹಾಗೆ ಕೂತಾಗ ಮೊದಲು ಆಗುವುದು ನೆಮ್ಮದಿಯಲ್ಲ. ನೋವು ತಿಳಿಯುತ್ತದೆ. ವಿಶ್ವಾಸಕ್ಕೆ ಬಂದ ಹೊಸದರಲ್ಲಿ ಯಾಕೋ ಅಳುವೇ ಬರುತ್ತದೆ ಅಂತ ಹಲವರು ನನ್ನ ಹತ್ತಿರ ಹೇಳಿದ್ದಾರೆ. ಹೆದರಬೇಡಿ. ಜೀವ ಬರುತ್ತಿದೆ.

ಈಗ ಒಂದು ಕಠಿಣವಾದ ಮಾತು ಹೇಳಬೇಕು. ಕೆಲವು ಪ್ರಾರ್ಥನಾ ಕೂಟಗಳಲ್ಲಿ, ವಿಶ್ವಾಸ ಇದ್ದರೆ ಮಾತ್ರೆ ಬಿಡು ಅಂತ ಹೇಳುತ್ತಾರೆ. ಟಿಬಿ ಮಾತ್ರೆ ಎರಡು ತಿಂಗಳು ತಗೊಂಡು ಕೆಮ್ಮು ನಿಂತಿತು, ದೇವರು ಗುಣ ಮಾಡಿದ ಅಂತ ಸಾಕ್ಷಿ ಹೇಳಿ ಮಾತ್ರೆ ಬಿಟ್ಟವರನ್ನು ನಾನು ಬಲ್ಲೆ. ಸಾಮಾನ್ಯ ಟಿಬಿಗೇ ಆರು ತಿಂಗಳು ಬೇಕು. ಮಧ್ಯದಲ್ಲಿ ಬಿಟ್ಟರೆ ಅದು ಮಾತ್ರೆಗೆ ಬಗ್ಗದ ಟಿಬಿಯಾಗಿ ತಿರುಗಿ ಬರಬಹುದು, ಮನೆಯವರಿಗೂ ಹಿಡಿಯಬಹುದು. ಸಕ್ಕರೆ ಕಾಯಿಲೆಯ ಇನ್ಸುಲಿನ್ ಬಿಟ್ಟರೆ ಜೀವವೇ ಹೋಗಬಹುದು. ದಯವಿಟ್ಟು ಬಿಡಬೇಡಿ. ಈ ಹತ್ತು ಮಂದಿಯ ಕಥೆ ಬರೆದ ಲೂಕನನ್ನು ಅಪೊಸ್ತಲ ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಪ್ರಿಯ ವೈದ್ಯ ಅಂತಲೇ ಕರೆದಿದ್ದಾನೆ. ನಮ್ಮ ಮೆಥೋಡಿಸ್ಟ್ ಸಭೆಯ ಮೂಲಪುರುಷ ಜಾನ್ ವೆಸ್ಲಿ 1746ರಲ್ಲಿ ಲಂಡನ್ನಿನಲ್ಲಿ ಬಡವರಿಗೆ ಪುಕ್ಕಟೆ ಔಷಧಿ ಕೊಡುವ ವ್ಯವಸ್ಥೆ ಮಾಡಿದರು. ಮರುವರ್ಷ, ಡಾಕ್ಟರಿಗೆ ಕೊಡಲು ಹಣವಿಲ್ಲದವರಿಗಾಗಿ ಮನೆಮದ್ದುಗಳ ಒಂದು ಪುಸ್ತಕವನ್ನೇ ಬರೆದರು. ಅವರಿಗೆ ಆತ್ಮದ ಚಿಂತೆ ಬೇರೆ, ಮೈಯ ಚಿಂತೆ ಬೇರೆ ಆಗಿರಲಿಲ್ಲ.

ಮಾತ್ರೆ ಬಿಡು ಅನ್ನುವುದಕ್ಕಿಂತ ದೊಡ್ಡ ಗಾಯ ಮಾಡುವ ಮಾತೊಂದಿದೆ. 'ನಿನ್ನ ನಂಬಿಕೆ ಕಡಿಮೆ, ಅದಕ್ಕೇ ಗುಣವಾಗಲಿಲ್ಲ.' ಮಗುವನ್ನು ಮಣ್ಣು ಮಾಡಿ ಬಂದ ತಾಯಿಗೆ ಈ ಮಾತು ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಇದಕ್ಕಿಂತ ಕ್ರೂರವಾದ ಮಾತು ನನಗೆ ಗೊತ್ತಿಲ್ಲ. ಪೌಲನ ನಂಬಿಕೆ ಕಡಿಮೆ ಇತ್ತಾ? ಕೊರಿಂಥದವರಿಗೆ ಬರೆದ ಎರಡನೆಯ ಪತ್ರ 12ನೇ ಅಧ್ಯಾಯ ನೋಡಿ. ಶರೀರದಲ್ಲಿ ಶೂಲ ನಾಟಿದಂಥ ಒಂದು ಬಾಧೆ. ಅದು ಏನು ಅಂತ ಅವನು ಬರೆದಿಲ್ಲ. ತೆಗೆದುಹಾಕು ಅಂತ ಮೂರು ಸಲ ಬೇಡಿಕೊಂಡ. ಕರ್ತನು ತೆಗೆಯಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಅಂದನು. ಆ ಶೂಲವನ್ನು ಇಟ್ಟುಕೊಂಡೇ ಪೌಲ ಊರೂರು ತಿರುಗಿದ, ಸಭೆಗಳನ್ನು ಕಟ್ಟಿದ. ಆ ಹತ್ತು ಮಂದಿಯಲ್ಲಿ ಒಂಬತ್ತು ಜನರಿಗೆ ಮೈ ಗುಣವಾಯಿತು, ಅಷ್ಟಕ್ಕೇ ನಿಂತಿತು. ಪೌಲನಿಗೆ ಮೈ ಗುಣವಾಗಲಿಲ್ಲ, ಆದರೆ ಪೂರ್ಣನಾದ. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಮಂಚ ಹಿಡಿದು ಮಲಗಿರುವ ನಮ್ಮ ಹಿರಿಯರ ಮುಂದೆ ಕೂತು ಯಾವ ಮಾತು ಆಡಬೇಕು, ಯಾವುದು ಆಡಬಾರದು ಅಂತ ತಿಳಿಯುತ್ತದೆ.

ನಂಬಿಕೆ ಸಾಲದು ಅನ್ನಿಸುವವರು ಇಲ್ಲಿ ಬಹಳ ಮಂದಿ ಇದ್ದೀರಿ. ಮಾರ್ಕನ ಸುವಾರ್ತೆ 9ರಲ್ಲಿ ಒಬ್ಬ ತಂದೆ ಬರುತ್ತಾನೆ. ಮಗನಿಗೆ ಚಿಕ್ಕಂದಿನಿಂದ ಬಾಧೆ, ಬೆಂಕಿಗೂ ನೀರಿಗೂ ಬೀಳುತ್ತಿದ್ದ. ಆ ತಂದೆ ನಂಬುತ್ತೇನೆ ಅಂದ, ಅದೇ ಉಸಿರಿನಲ್ಲಿ ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂತಲೂ ಅಂದ. ಮೊದಲು ಅಪನಂಬಿಕೆ ಬಿಟ್ಟು ಬಾ ಅಂತ ಸ್ವಾಮಿ ಅವನನ್ನು ಕಳಿಸಲಿಲ್ಲ. ಮಗನನ್ನು ಎಬ್ಬಿಸಿ ಕೊಟ್ಟನು.

ವೆಸ್ಲಿಯವರಿಗೂ ಹಾಗೇ ಆಗಿತ್ತು. ಪಾದ್ರಿಯಾಗಿ ವರ್ಷಗಳೇ ಆಗಿದ್ದವು. ಅಮೆರಿಕದ ಜಾರ್ಜಿಯಾಕ್ಕೆ ಸೇವೆಗೆ ಹೋಗಿ, ಅದು ಕೈಗೂಡದೆ ತಿರುಗಿ ಬಂದಿದ್ದರು. ನನ್ನಲ್ಲೇ ವಿಶ್ವಾಸ ಇಲ್ಲದಿರುವಾಗ ಬೇರೆಯವರಿಗೆ ಹೇಗೆ ಸಾರಲಿ, ನಿಲ್ಲಿಸಿಬಿಡಲೇ ಅಂತ 1738ರ ಮಾರ್ಚಿನಲ್ಲಿ ಪೀಟರ್ ಬೋಲರ್ ಎಂಬ ಮೊರಾವಿಯನ್ ಸಭೆಯ ಯುವಕನನ್ನು ಕೇಳಿದರು. ನಿಲ್ಲಿಸಬೇಡಿ ಅಂದ ಅವನು. ವಿಶ್ವಾಸ ಸಿಗುವವರೆಗೂ ಅದನ್ನೇ ಸಾರಿ, ಸಿಕ್ಕ ಮೇಲೆ ಸಿಕ್ಕಿತೆಂದು ಸಾರುತ್ತೀರಿ ಅಂದ. ಅದೇ ವರ್ಷ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಣ್ಣ ಕೂಟಕ್ಕೆ ಹೋದರು. ಹೋಗಲು ಮನಸ್ಸೇ ಇರಲಿಲ್ಲ ಅಂತ ಅವರೇ ಬರೆದುಕೊಂಡಿದ್ದಾರೆ. ಅಲ್ಲಿ ಕೂತು ಕೇಳುವಾಗ ಎದೆ ಬೆಚ್ಚಗಾಯಿತು. ನಮ್ಮ ಸಭೆಗಳಲ್ಲಿ ಈ ಸಾಕ್ಷಿಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಅವರ ದಿನಚರಿ ನಿಲ್ಲುವುದಿಲ್ಲ. ಅದೇ ರಾತ್ರಿ ಮತ್ತೆ ಸಂದೇಹ ಬಂತು, ನಿನಗೆ ಸಂತೋಷ ಎಲ್ಲಿದೆ ಅಂತ ಮನಸ್ಸು ಕೇಳಿತು. ಮನಸ್ಸು ಇಲ್ಲದಿದ್ದರೂ ಕೂಟಕ್ಕೆ ಬಂದಿದ್ದೀರಲ್ಲ, ಆ ಬರುವಿಕೆಯಲ್ಲೂ ವಿಶ್ವಾಸ ಇದೆ.

ಒಬ್ಬರೇ ಕೂತು ಇದನ್ನು ಸಾಧಿಸಲು ಆಗುವುದಿಲ್ಲ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಲ್ಲಿ ವೆಸ್ಲಿಯವರ ಸಭೆಯವರು ಪ್ರಾರ್ಥನಾ ಮಂದಿರ ಕಟ್ಟಿದ ಸಾಲ ಉಳಿದಿತ್ತು. ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ಗುಂಪಿಗೆ ಒಬ್ಬ ಮುಖಂಡನನ್ನು ಇಟ್ಟು, ತಲೆಗೆ ವಾರಕ್ಕೆ ಒಂದು ಪೆನ್ನಿ ಎತ್ತೋಣ ಅಂತ ಯಾರೋ ಸೂಚಿಸಿದರು. ಮುಖಂಡರು ಮನೆಮನೆಗೆ ಹೋದರು. ಹೋದರೆ ಏನು ಕಂಡಿತು? ಒಂದು ಮನೆಯಲ್ಲಿ ಗಂಡ ಹೆಂಡತಿ ಜಗಳ, ಇನ್ನೊಂದರಲ್ಲಿ ಕುಡಿತ. ಐತವಾರ ಗುಡಿಯಲ್ಲಿ ಕಾಣದ್ದು ಮನೆ ಹೊಸ್ತಿಲಲ್ಲಿ ಕಂಡಿತು. ಹಣ ಎತ್ತಲು ಹುಟ್ಟಿದ ಗುಂಪು ಒಬ್ಬರನ್ನೊಬ್ಬರು ನೋಡಿಕೊಳ್ಳುವ ಗುಂಪಾಯಿತು. ವಾರಕ್ಕೊಮ್ಮೆ ಕೂತು, ನಿನ್ನ ಆತ್ಮ ಹೇಗಿದೆ ಅಂತ ಕೇಳುತ್ತಿದ್ದರು. ನಮ್ಮ ಮನೆ ಪ್ರಾರ್ಥನೆಗಳ ಬೇರು ಇಲ್ಲೇ ಇದೆ. ಈಗ ನಮ್ಮಲ್ಲಿ ಮನೆ ಪ್ರಾರ್ಥನೆ ಅಂದರೆ ಎರಡು ಹಾಡು, ಒಂದು ಪ್ರಸಂಗ, ಚಹಾ, ಚೂಡಾ. ಚಹಾ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಆ ಪ್ರಶ್ನೆಯನ್ನು ಯಾರೂ ಯಾರಿಗೂ ಕೇಳುವುದೇ ಇಲ್ಲ. ಮಂಗಲಪೇಟೆಯಲ್ಲಿ ಗೋಡೆಗೆ ಗೋಡೆ ಹತ್ತಿಕೊಂಡು ಇರುವ ಮನೆಗಳಲ್ಲೂ ಒಬ್ಬರ ಗೋಳು ಇನ್ನೊಬ್ಬರಿಗೆ ಗೊತ್ತಿಲ್ಲ.

ಮತ್ತಾಯ 5ರಲ್ಲಿ ಸ್ವಾಮಿ ಹೇಳಿದ್ದನ್ನು ಈ ಲೆಂಟ್ ದಿನಗಳಲ್ಲಿ ಮಾಡಿಯೇ ನೋಡಬೇಕು. ಕಾಣಿಕೆ ತಂದು ಯಜ್ಞವೇದಿಯ ಹತ್ತಿರ ನಿಂತಾಗ, ಸಹೋದರನಿಗೆ ನನ್ನ ಮೇಲೆ ಏನೋ ಇದೆ ಅಂತ ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು ಹೋಗು, ಮೊದಲು ರಾಜಿ ಮಾಡಿಕೋ ಅಂದನು. ನನ್ನ ಸಿಟ್ಟಿನ ಮಾತು ಅಲ್ಲಿಲ್ಲ, ಅವನ ಸಿಟ್ಟಿನ ಮಾತಿದೆ ಅನ್ನುವುದನ್ನು ಗಮನಿಸಿ. ಹೊಲದ ಬದುವಿನ ಮೇಲೆ ಕೋರ್ಟಿಗೆ ಹೋದ ಅಣ್ಣ ತಮ್ಮ ಒಂದೇ ಗುಡಿಯಲ್ಲಿ ಆಚೆ ಸಾಲು ಈಚೆ ಸಾಲು ಕೂತು, ಒಂದೇ ರೊಟ್ಟಿಯಲ್ಲಿ ಪ್ರಭು ಭೋಜನ ತಗೊಂಡು, ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಮುಖ ತಿರುಗಿಸುತ್ತಾರೆ. ಅಂಥ ಮನೆಗಳ ಹೆಂಗಸರೂ ಇಲ್ಲಿದ್ದೀರಿ. ಗಂಡಸರು ಮೊದಲು ಮಾತಾಡಲಿ ಅಂತ ಕಾಯಬೇಡಿ. ವಾರಗಿತ್ತಿಯ ಮನೆಗೆ ನೀವೇ ಹೋಗಿ. ಬದುವಿನ ಮಾತು ಎತ್ತಬೇಡಿ. ಮಕ್ಕಳ ಓದು ಹೇಗಿದೆ ಅಂತ ಕೇಳಿ ಬನ್ನಿ, ಸಾಕು. ಸುವಾರ್ತೆಯಲ್ಲಿ ಬರುವ ಸುಂಕದ ಜಕ್ಕಾಯನಂತೆ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ತಿರುಗಿ ಕೊಡುವ ದಿನವೂ ಬಂದೀತು. ಅದನ್ನು ದೇವರಿಗೆ ಬಿಡಿ.

ಒಂದು ಎಚ್ಚರಿಕೆ. ಮನೆಯಲ್ಲಿ ಹೊಡೆತ ತಿನ್ನುತ್ತಿರುವ ಹೆಣ್ಣುಮಗಳಿಗೆ ರಾಜಿಯ ಈ ವಚನ ಓದಿ ತಿರುಗಿ ಕಳಿಸಬೇಡಿ. ಅವಳಿಗೆ ಮೊದಲು ಬೇಕಾದದ್ದು ನಿಮ್ಮ ಮನೆಯಲ್ಲಿ ಮಲಗಲು ಜಾಗ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ತಂಗಿ ಕೇಳಿದಳು, 'ಅಕ್ಕಾ, ಪ್ರಾರ್ಥನೆಗೆ ಕೂತರೆ ಮನಸ್ಸು ನಿಲ್ಲುವುದಿಲ್ಲ. ಹೊಲ, ಸಾಲ, ಮಗಳ ಮದುವೆ, ಎಲ್ಲಾ ಕಡೆ ಓಡುತ್ತದೆ. ಏನು ಮಾಡಲಿ?'

ನಾನು ಹೇಳಿದ್ದು ಇಷ್ಟು. ಅದು ಓಡಿದ ಕಡೆಗೇ ಪ್ರಾರ್ಥನೆಯನ್ನೂ ಕರೆದುಕೊಂಡು ಹೋಗು ತಂಗಿ. ಹೊಲಕ್ಕೆ ಹೋದರೆ ಈ ಸಲದ ತೊಗರಿ ಏನಾಯಿತು ಅಂತ ದೇವರಿಗೆ ಹೇಳು. ಸಾಲಕ್ಕೆ ಹೋದರೆ ಎಷ್ಟು ಸಾಲ, ಯಾರ ಹತ್ತಿರ ಅಂತ ಹೇಳು. ಮಾತೇ ಬರದಿದ್ದರೆ ಕೀರ್ತನೆಗಳನ್ನು ಬಾಯಿ ಬಿಟ್ಟು ಓದು. ದಿನಕ್ಕೆ ಐದು ಓದಿದರೆ ತಿಂಗಳಲ್ಲಿ 150 ಮುಗಿಯುತ್ತವೆ. ತುಂಬಾ ಕತ್ತಲೆ ಅನ್ನಿಸಿದ ದಿನ 88ನೆಯದು ಓದು. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಒಂದು ಸಮಾಧಾನದ ಸಾಲೂ ಇಲ್ಲ. ಆದರೂ ಅದು ಸತ್ಯವೇದದಲ್ಲಿದೆ, ಅದೂ ಪ್ರಾರ್ಥನೆಯೇ. ಬುಧವಾರ ಸಂಜೆ ನಿಮ್ಮ ಓಣಿಗೆ ಬರುತ್ತೇನೆ, ಅಡುಗೆ ಮುಗಿಸಿರು, ಇಬ್ಬರೂ ಕೂತು ಓದೋಣ.